ಗ್ರಹಣಕ್ಕೆ ಎಷ್ಟು ಹೊತ್ತು ಮೊದಲು

ಬೇಸಿಗೆಯಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂವರೆಯ ಆಸುಪಾಸು. ಸೆಕೆ ತಡೆಯಲಾರದೆ ಫ್ಯಾನಿನ ಕೆಳಗೆ ಕೂರುವುದು ಮಾತ್ರ ಎರಡೂವರೆ, ಮೂರು ಗಂಟೆಗೆ. ಬಿಸಿಲು ಜೋರಾಗಿರುವ ಹೊತ್ತು ಬೇರೆ, ಬಿಸಿ ಜೋರಾಗಿರುವ ಹೊತ್ತು ಬೇರೆ. ನೆಲವೂ ಗಾಳಿಯೂ ಬಿಸಿಯನ್ನು ಸ್ವಲ್ಪ ಕಾಲ ಹಿಡಿದಿಟ್ಟುಕೊಳ್ಳುತ್ತವೆ ಎಂಬುದೇ ಇದಕ್ಕೆ ಕಾರಣ. ಇಂಥದೇ ಒಂದು ಅಂತರವನ್ನು 64 ಬೆಳಕಿನ ವರ್ಷ ದೂರದ ಗ್ರಹವೊಂದರಲ್ಲಿ ಅಳೆದಿದ್ದಾರೆ. ಆ ಗ್ರಹವನ್ನು ಯಾವ ದೂರದರ್ಶಕವೂ ನಕ್ಷತ್ರದಿಂದ ಬೇರ್ಪಡಿಸಿ ತೋರಿಸಿಲ್ಲ. ಕೈಗೆ ಸಿಕ್ಕಿದ್ದು ಒಂದೇ ಚುಕ್ಕಿಯ ಬೆಳಕು, ಅದರಲ್ಲಿ ಶೇಕಡಾ 0.12ರ ಏರಿಳಿತ.

ನಕ್ಷತ್ರದ ಹೆಸರು ಎಚ್‌ಡಿ 189733. ಡಂಬೆಲ್ ನೀಹಾರಿಕೆಯ ಪಕ್ಕದಲ್ಲೇ ಇದೆ, ಒಳ್ಳೆಯ ಬೈನಾಕ್ಯುಲರ್‌ಗೆ ಸಿಗುವಷ್ಟು ಪ್ರಕಾಶವೂ ಇದೆ. ಅದನ್ನು ಸುತ್ತುವ ಗ್ರಹ ಎಚ್‌ಡಿ 189733ಬಿ 2005ರಲ್ಲಿ ಪತ್ತೆಯಾಯಿತು. ಗಾತ್ರದಲ್ಲಿ ಗುರುವಿಗಿಂತ ತುಸು ದೊಡ್ಡದು. ಒಂದು ಸುತ್ತಿಗೆ 2.2 ದಿನ, ಅಂದರೆ 53 ಗಂಟೆ. ಇಷ್ಟು ಹತ್ತಿರ ಸುತ್ತುವ ಗ್ರಹವನ್ನು ನಕ್ಷತ್ರದ ಉಬ್ಬರವಿಳಿತದ ಸೆಳೆತ ಕಾಲಕ್ರಮದಲ್ಲಿ ಕಟ್ಟಿಹಾಕುತ್ತದೆ. ಚಂದ್ರ ನಮಗೆ ಒಂದೇ ಮುಖ ತೋರಿಸುವಂತೆ ಅದೂ ನಕ್ಷತ್ರಕ್ಕೆ ಸದಾ ಒಂದೇ ಮುಖ ತೋರಿಸುತ್ತದೆ. ಒಂದು ಕಡೆ ಎಂದೂ ಮುಗಿಯದ ಹಗಲು, ಇನ್ನೊಂದು ಕಡೆ ಎಂದೂ ಮುಗಿಯದ ಇರುಳು.

ಗ್ರಹ ಸುತ್ತುತ್ತಿದ್ದಂತೆ ಅದರ ಹಗಲು, ಇರುಳು ಎರಡೂ ಸರದಿಯ ಮೇಲೆ ನಮ್ಮತ್ತ ತಿರುಗುತ್ತವೆ. ನಕ್ಷತ್ರದ ಎದುರು ಹಾಯುವಾಗ ನಮಗೆ ಕಾಣುವುದು ಇರುಳಿನ ಬದಿ. 2012ರ ಜೂನ್‌ನಲ್ಲಿ ಸೂರ್ಯನ ಮೇಲೆ ಕಪ್ಪು ಬೊಟ್ಟಿನಂತೆ ಹಾದುಹೋದ ಶುಕ್ರನನ್ನು ನೋಡಿದವರಿಗೆ ಈ ಸಂಕ್ರಮಣದ ಚಿತ್ರ ಕಣ್ಣಿಗೆ ಕಟ್ಟಿರುತ್ತದೆ. ಅರ್ಧ ಸುತ್ತು ಕಳೆದ ಮೇಲೆ ಗ್ರಹ ನಕ್ಷತ್ರದ ಹಿಂದೆ ಮರೆಯಾಗುತ್ತದೆ. ಅದು ಗ್ರಹಣ, ಅದರ ಆಚೀಚೆ ನಮಗೆ ಕಾಣುವುದು ಪೂರ್ತಿ ಹಗಲಿನ ಬದಿ. ಇವೆರಡರ ನಡುವೆ ಚಂದ್ರನ ಕಲೆಗಳಂತೆ ಬೆಳಕು ಏರಿ ಇಳಿಯುತ್ತದೆ. ಈ ಏರಿಳಿತದ ಗೆರೆಗೆ ಫೇಸ್ ಕರ್ವ್ ಎಂದು ಹೆಸರು. ಕಲಾರೇಖೆ ಎಂದರೂ ಸಲ್ಲುತ್ತದೆ.

ಗ್ರಹದಲ್ಲಿ ವಾಯುಮಂಡಲವಿಲ್ಲದಿದ್ದರೆ ಅತಿ ಬಿಸಿಯ ಜಾಗ ನಕ್ಷತ್ರದ ನೇರ ಕೆಳಗೇ ಇರುತ್ತದೆ, ರೇಖೆಯ ಉಬ್ಬು ಸರಿಯಾಗಿ ಗ್ರಹಣದ ನಡುಹೊತ್ತಿಗೆ ಬೀಳುತ್ತದೆ. ಗಾಳಿಯಿದ್ದು ಅದು ಮೂಡಣ ದಿಕ್ಕಿಗೆ ಬೀಸುತ್ತಿದ್ದರೆ ಕಾದ ಅನಿಲ ತಣ್ಣಗಾಗುವ ಮುಂಚೆಯೇ ಅಷ್ಟು ದೂರ ಸಾಗಿರುತ್ತದೆ, ಬಿಸಿಯ ಜಾಗವೂ ಮೂಡಣಕ್ಕೆ ಸರಿದಿರುತ್ತದೆ. ಸುತ್ತುವ ಗ್ರಹದ ಮೂಡಣ ಭಾಗ ನಮ್ಮ ಕಣ್ಣಿಗೆ ಮೊದಲು ಬರುವುದರಿಂದ ಉಬ್ಬು ಗ್ರಹಣಕ್ಕಿಂತ ಮೊದಲೇ ಕಾಣಿಸಿಕೊಳ್ಳುತ್ತದೆ. ಎಷ್ಟು ಮೊದಲು ಎಂಬುದರಲ್ಲಿ ಗಾಳಿಯ ವೇಗವೂ ಅನಿಲ ತಣಿಯುವ ವೇಗವೂ ಬೆರೆತಿವೆ. ಇಡೀ ವಿದ್ಯೆಯಲ್ಲಿ ನನಗೆ ಅತಿ ಚೆಲುವಾಗಿ ಕಾಣುವ ಸಂಗತಿ ಇದು. ಗಡಿಯಾರದ ಒಂದು ಓದಿನಿಂದ ಅಲ್ಲಿ ಬೀಸುವ ಗಾಳಿಯ ದಿಕ್ಕು ಗೊತ್ತಾಗುತ್ತದೆ. ಇಂಥ ಗ್ರಹಗಳಲ್ಲಿ ಸಮಭಾಜಕದ ಸುತ್ತ ಮೂಡಣಕ್ಕೆ ಜೋರು ಗಾಳಿ ಬೀಸಬೇಕೆಂದು ಗ್ರಹವಿಜ್ಞಾನಿಗಳಾದ ಶೋಮನ್ ಮತ್ತು ಗಿಯೋ 2002ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. ಆಗ ಅದನ್ನು ಪರೀಕ್ಷಿಸಲು ಒಂದೇ ಒಂದು ಅಳತೆಯೂ ಇರಲಿಲ್ಲ.

ಅಳತೆ ಬಂದದ್ದು 2007ರ ಮೇ ತಿಂಗಳಲ್ಲಿ. ಖಗೋಳವಿಜ್ಞಾನಿ ಹೆದರ್ ನಟ್ಸನ್ ಮತ್ತು ಸಂಗಡಿಗರು ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕವನ್ನು ಈ ನಕ್ಷತ್ರದತ್ತ 33 ಗಂಟೆ ಕದಲಿಸದೆ ನಿಲ್ಲಿಸಿದ್ದರು. ಒಂದೊಂದು ಚಿತ್ರಕ್ಕೆ 0.4 ಸೆಕೆಂಡ್, ಒಟ್ಟು ಎರಡೂವರೆ ಲಕ್ಷಕ್ಕೂ ಹೆಚ್ಚು ಚಿತ್ರ, ತರಂಗಾಂತರ 8 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು), ಅಂದರೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಗ್ರಹದ ಅತಿ ತಣ್ಣನೆಯ ಮುಖ 973 ಕೆಲ್ವಿನ್, ಅತಿ ಬಿಸಿಯ ಮುಖ 1212 ಕೆಲ್ವಿನ್ ಎಂದು ತೇಲಿತು. ಉಬ್ಬು ಬಿದ್ದದ್ದು ಗ್ರಹಣಕ್ಕೆ 2.3 ಗಂಟೆ ಮೊದಲು. 53 ಗಂಟೆಗೆ 360 ಡಿಗ್ರಿಯಾದರೆ ಇಷ್ಟು ಹೊತ್ತಿಗೆ 16 ಡಿಗ್ರಿ. ಅತಿ ಬಿಸಿಯ ಜಾಗ ನಡುಹಗಲಿನಿಂದ ಅಷ್ಟು ಮೂಡಣಕ್ಕೆ ಸರಿದಿತ್ತು.

8 ಮೈಕ್ರಾನ್ ಏಕೆ? ಇದನ್ನು ಕಾಗದದ ಮೇಲೆ ಐದು ನಿಮಿಷದಲ್ಲಿ ಲೆಕ್ಕ ಹಾಕಬಹುದು. ಗ್ರಹದ ತಟ್ಟೆಯ ವಿಸ್ತೀರ್ಣ ನಕ್ಷತ್ರದ ತಟ್ಟೆಯ ಶೇ. 2.4ರಷ್ಟು. ಕಾದ ವಸ್ತು ಯಾವ ತರಂಗಾಂತರದಲ್ಲಿ ಎಷ್ಟು ಹೊಳೆಯುತ್ತದೆಂದು ಹೇಳುವ ಪ್ಲಾಂಕ್ ಸೂತ್ರಕ್ಕೆ ಗ್ರಹದ 1200, ನಕ್ಷತ್ರದ 5050 ಕೆಲ್ವಿನ್ ಹಾಕಿ. 8 ಮೈಕ್ರಾನಿನಲ್ಲಿ ಗ್ರಹದ ಒಂದು ಚದರಡಿ ನಕ್ಷತ್ರದ ಒಂದು ಚದರಡಿಯ ಶೇ. 12ರಷ್ಟು ಹೊಳೆಯುತ್ತದೆ. ಎರಡನ್ನೂ ಗುಣಿಸಿದರೆ ಸುಮಾರು ಶೇ. 0.3. ನಿಜವಾಗಿ ಅಳೆದ ಗ್ರಹಣದ ಆಳ, ಅಂದರೆ ಗ್ರಹ ಮರೆಯಾದಾಗ ಕುಗ್ಗುವ ಬೆಳಕು, ಶೇ. 0.34ರ ಆಸುಪಾಸು, ಇಷ್ಟು ಒರಟು ಲೆಕ್ಕಕ್ಕೆ ಇದು ಒಳ್ಳೆಯ ಹೊಂದಾಣಿಕೆ. ಇದೇ ಲೆಕ್ಕವನ್ನು ಕಣ್ಣಿಗೆ ಕಾಣುವ 0.6 ಮೈಕ್ರಾನಿಗೆ ಮಾಡಿದರೆ ಉತ್ತರ ನೂರು ಕೋಟಿಯಲ್ಲಿ 6 ಭಾಗ. ಗ್ರಹದ ಸ್ವಂತ ಕಾವು ಅಲ್ಲಿ ಇಲ್ಲವೆಂದೇ ಲೆಕ್ಕ. ಹಾಗಾಗಿ ಬಿಸಿಯ ನಕ್ಷೆ ಬೇಕಾದವರು ಅವಕೆಂಪಿಗೇ ಹೋಗಬೇಕು, ಅವಕೆಂಪು ಬೇಕಾದವರು ನೆಲ ಬಿಟ್ಟು ಮೇಲಕ್ಕೆ ಹೋಗಬೇಕು. ನೆಲದ ದೂರದರ್ಶಕಗಳಿಗೆ ಸಂಕ್ರಮಣದ ಅಳತೆ ಚೆನ್ನಾಗಿ ಸಾಧ್ಯ. ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದಲೇ ಉಪಗ್ರಹ ಸಂಪರ್ಕದಲ್ಲಿ ನಡೆಸುತ್ತಾರೆ. ಅದರಿಂದಲೂ ತಮಿಳುನಾಡಿನ ಕಾವಲೂರಿನ 1.3 ಮೀಟರ್ ದೂರದರ್ಶಕದಿಂದಲೂ ಹೊರಗ್ರಹಗಳ ಸಂಕ್ರಮಣಗಳನ್ನು ಅಳೆದಿದ್ದಾರೆ. ಆದರೆ ಸಂಕ್ರಮಣ ಎರಡು ಮೂರು ಗಂಟೆಯ ಕೆಲಸ, ಕಲಾರೇಖೆಗೆ ದಿನಗಟ್ಟಲೆ ಬಿಡುವಿಲ್ಲದ ನೋಟ ಬೇಕು. ನೆಲದಲ್ಲಿ ಅಷ್ಟರಲ್ಲಿ ಬೆಳಗಾಗಿಬಿಡುತ್ತದೆ.

ಗ್ರಹಣ ಎಂಬುದು ಈ ಕೆಲಸದಲ್ಲಿ ಬರೀ ಒಂದು ಗುರುತಿನ ಕಲ್ಲಲ್ಲ. ಅಂಗಡಿಯಲ್ಲಿ ಎಣ್ಣೆ ಅಳೆಯುವಾಗ ಪಾತ್ರೆ ಸಮೇತ ತೂಗಿ, ಆಮೇಲೆ ಬರಿ ಪಾತ್ರೆಯ ತೂಕ ಕಳೆಯುತ್ತಾರಲ್ಲ, ಹಾಗೆ. ಗ್ರಹ ಮರೆಯಾದಾಗ ನಮಗೆ ಬರುವುದು ನಕ್ಷತ್ರದ ಬೆಳಕೊಂದೇ. ಅದನ್ನು ಕಳೆದರೆ ಉಳಿಯುವುದು ಗ್ರಹದ್ದು. ಒಂದೇ ಸುತ್ತು ನೋಡುವವರು ಎರಡು ಗ್ರಹಣಗಳು ಒಳಗೆ ಬರುವಂತೆ ಹೊತ್ತು ಆರಿಸಿಕೊಳ್ಳುವುದು ಇದಕ್ಕೇ. ಎರಡೂ ತುದಿಯಲ್ಲಿ ಪಾತ್ರೆಯ ತೂಕ ಒಂದೇ ಬಂದರೆ ತಕ್ಕಡಿ ನಡುವೆ ಸರಿದಿಲ್ಲ ಎಂಬ ಧೈರ್ಯ ಬರುತ್ತದೆ.

ತಕ್ಕಡಿ ಸರಿಯುತ್ತದೆ, ಇಲ್ಲಿನ ತೊಂದರೆಗಳಿಗೆಲ್ಲ ಅದೇ ಬೇರು. ಸ್ಪಿಟ್ಜರ್‌ನ 8 ಮೈಕ್ರಾನ್ ಪತ್ತೆಫಲಕದ ಮೇಲೆ ಬೆಳಕು ಬೀಳತೊಡಗಿದಾಗ ಅದರ ಸಂವೇದನೆ ಗಂಟೆಗಟ್ಟಲೆ ನಿಧಾನವಾಗಿ ಏರುತ್ತಿತ್ತು. ಮಂದ ಬೆಳಕು ಬೀಳುವ ಪಿಕ್ಸೆಲ್‌ಗಳಲ್ಲಿ ಈ ಏರಿಕೆ ಶೇ. 10ರವರೆಗೆ ಹೋಗುತ್ತಿತ್ತು. ಹುಡುಕುತ್ತಿರುವುದೋ ಶೇ. 0.12. ಗ್ರಹದ ಬೆಳಕೂ ಸಂಕ್ರಮಣದಿಂದ ಗ್ರಹಣದ ಕಡೆಗೆ ಹೋಗುವಾಗ ನಿಧಾನವಾಗಿ ಏರುವಂಥದೇ. ಒಂದೇ ದಿಕ್ಕಿಗೆ ಏರುವ ಎರಡು ಗೆರೆಗಳಲ್ಲಿ ಯಾವ ಪಾಲು ಯಂತ್ರದ್ದು, ಯಾವ ಪಾಲು ಗ್ರಹದ್ದು? 2010ರಲ್ಲಿ ಎರಿಕ್ ಆಗೋಲ್ ತಂಡ ಇನ್ನಷ್ಟು ಸಂಕ್ರಮಣ, ಗ್ರಹಣಗಳನ್ನು ಅಳೆದು, ಯಂತ್ರದ ಏರಿಕೆಗೆ ಎರಡು ಘಾತೀಯ ಪದಗಳ ಸೂತ್ರ ಹಾಕಿ, ಹಳೆಯ ದತ್ತಾಂಶವನ್ನೇ ಮತ್ತೆ ಬಿಡಿಸಿತು. ಉಬ್ಬು ಈಗ ಗ್ರಹಣಕ್ಕೆ 3.5 ಗಂಟೆ ಮೊದಲಿಗೆ ಸರಿಯಿತು, ಡಿಗ್ರಿಯಲ್ಲಿ ಹೇಳಿದರೆ 16 ಇದ್ದದ್ದು ಸುಮಾರು 24. ಗಾಳಿಯ ದಿಕ್ಕು ಬದಲಾಗಲಿಲ್ಲ. ಆದರೆ ಗಾಳಿಯ ಮಾದರಿ ಕಟ್ಟುವವರಿಗೆ 16 ಮತ್ತು 24ರ ನಡುವೆ ಬಹಳ ವ್ಯತ್ಯಾಸವಿದೆ. ಇಂಥ ಪ್ರಬಂಧಗಳನ್ನು ಓದುವಾಗ ಫಲಿತಾಂಶದ ಪುಟಕ್ಕಿಂತ ಮೊದಲು ಏರಿಕೆಯನ್ನು ಹೇಗೆ ಕಳೆದರು ಎಂಬ ಪುಟ ಓದುವುದು ಒಳ್ಳೆಯದು.

ಸ್ಪಿಟ್ಜರ್‌ನ 3.6 ಮತ್ತು 4.5 ಮೈಕ್ರಾನ್ ಫಲಕಗಳ ರೋಗವೇ ಬೇರೆ. ಅಲ್ಲಿ ಒಂದು ಪಿಕ್ಸೆಲ್‌ನ ನಡುಭಾಗಕ್ಕೆ ಇರುವಷ್ಟು ಸಂವೇದನೆ ಅಂಚಿಗೆ ಇರಲಿಲ್ಲ. ದೂರದರ್ಶಕದ ಬ್ಯಾಟರಿ ಹೀಟರ್ ಆನ್ ಆಫ್ ಆಗುವ ಲಯಕ್ಕೆ ಇಡೀ ನೌಕೆ ಕೂದಲೆಳೆಯಷ್ಟು ಓಲಾಡುತ್ತಿತ್ತು, ನಕ್ಷತ್ರದ ಚಿತ್ರ ಪಿಕ್ಸೆಲ್ ಒಳಗೇ ಅಡ್ಡಾಡುತ್ತಿತ್ತು, ಬೆಳಕಿನ ಗೆರೆಯಲ್ಲಿ ಗರಗಸದ ಹಲ್ಲು ಮೂಡುತ್ತಿತ್ತು. ಮೊದಲು ಈ ಲಯ ಸುಮಾರು ಒಂದು ಗಂಟೆಯದು. ಗ್ರಹಣಗಳ ಅವಧಿಗೂ ಇದು ಹತ್ತಿರವಾದ್ದರಿಂದ ಗೊಂದಲ. 2010ರ ಅಕ್ಟೋಬರ್‌ನಲ್ಲಿ ಹೀಟರ್‌ನ ವ್ಯವಸ್ಥೆ ಬದಲಿಸಿ ಲಯವನ್ನು ಸುಮಾರು 40 ನಿಮಿಷಕ್ಕೆ ಇಳಿಸಿದರು. ರೋಗ ವಾಸಿಯಾಗಲಿಲ್ಲ, ಗುರುತಿಸಲು ಸುಲಭವಾಯಿತು.

ಇಷ್ಟೆಲ್ಲ ಕಳೆದ ಮೇಲೂ ನಕ್ಷತ್ರ ಸುಮ್ಮನಿರಬೇಕಲ್ಲ. ಎಚ್‌ಡಿ 189733 ಮೈಮೇಲೆ ಕಪ್ಪು ಮಚ್ಚೆಗಳಿರುವ ನಕ್ಷತ್ರ. ಸುಮಾರು 12 ದಿನಕ್ಕೆ ಒಮ್ಮೆ ತನ್ನ ಸುತ್ತ ತಿರುಗುತ್ತದೆ, ಆಗ ಕಾಣುವ ಬೆಳಕು ಶೇ. 1ಕ್ಕೂ ಹೆಚ್ಚು ಏರಿಳಿಯುತ್ತದೆ. ಅವಕೆಂಪಿನಲ್ಲಿ ಈ ಏರಿಳಿತ ಕಡಿಮೆ, ಆದರೂ ಸೊನ್ನೆಯಲ್ಲ.

2021ರ ಕೊನೆಗೆ ಹಾರಿದ ಜೇಮ್ಸ್ ವೆಬ್ ದೂರದರ್ಶಕ ಬಂದ ಮೇಲೆ ಚಿತ್ರ ಬದಲಾಯಿತು. ಇದಕ್ಕೆ ಒಳ್ಳೆಯ ಉದಾಹರಣೆ ವಾಸ್ಪ್-43ಬಿ. ಗಾತ್ರ ಗುರುವಿನಷ್ಟೇ, ಒಂದು ಸುತ್ತಿಗೆ 19.5 ಗಂಟೆ. 2022ರ ಡಿಸೆಂಬರ್ ಆರಂಭದಲ್ಲಿ ವೆಬ್‌ನ ಮಿರಿ ಉಪಕರಣ ಇದನ್ನು 24 ಗಂಟೆಗೂ ಹೆಚ್ಚು ಕಾಲ, ಹತ್ತು ಸೆಕೆಂಡಿಗೊಂದರಂತೆ, 5ರಿಂದ 12 ಮೈಕ್ರಾನ್‌ವರೆಗೆ ಬೆಳಕನ್ನು ಬಿಡಿಸುತ್ತಾ ಎಂಟು ಸಾವಿರಕ್ಕೂ ಹೆಚ್ಚು ಬಾರಿ ಅಳೆಯಿತು. ಇಲ್ಲೂ ಆರಂಭದಲ್ಲಿ ಯಂತ್ರದ ಏರಿಕೆ ಇತ್ತು, ಆ ಹೊತ್ತಿನ ಅಳತೆಗಳನ್ನು ಕತ್ತರಿಸಿ ಎಸೆದರು. 2024ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹಗಲಿನ ಬದಿ ಸುಮಾರು 1524 ಕೆಲ್ವಿನ್, ಇರುಳಿನ ಬದಿ 863, ಉಬ್ಬಿನ ಸರಿತ ಮೂಡಣಕ್ಕೆ 7.3 ಡಿಗ್ರಿ.

ಇರುಳು ಇಷ್ಟು ತಣ್ಣಗೆ ಕಾಣಲು ಕಾರಣ ಅಲ್ಲಿನ ಮೋಡಗಳೆಂದು ಮಾದರಿಗಳು ಹೇಳುತ್ತವೆ. ಕೆಳಗಿನ ಬಿಸಿ ಪದರವನ್ನು ಮೋಡ ಮುಚ್ಚಿ, ಮೇಲಿನ ತಣ್ಣನೆಯ ಪದರವನ್ನಷ್ಟೇ ನಮಗೆ ತೋರಿಸುತ್ತದೆ. ನೀರಾವಿ ಎರಡೂ ಬದಿಯಲ್ಲಿ ಸಿಕ್ಕಿತು. ಸಿಗದೇ ಹೋದದ್ದು ಮೀಥೇನ್. ಅಷ್ಟು ತಣ್ಣನೆಯ ಇರುಳಿನಲ್ಲಿ ಇಂಗಾಲ ಮೀಥೇನ್ ರೂಪಕ್ಕೆ ತಿರುಗಬೇಕು, ರಸಾಯನಶಾಸ್ತ್ರದ ಸಮತೋಲ ಹೇಳುವುದು ಅದನ್ನೇ. ಆದರೆ ಹಗಲಿನಿಂದ ಹೊರಟ ಅನಿಲವನ್ನು ಗಂಟೆಗೆ ಸುಮಾರು 8,000 ಕಿ.ಮೀ. ವೇಗದ ಗಾಳಿ ಇರುಳಿನಾಚೆಗೆ ಎಳೆದೊಯ್ಯುವಾಗ ಆ ಕ್ರಿಯೆ ನಡೆಯಲು ಪುರುಸೊತ್ತೇ ಸಿಗುವುದಿಲ್ಲ. ಒಂದು ಅನಿಲದ ಗೈರುಹಾಜರಿಯೂ ಗಾಳಿಗೆ ಸಾಕ್ಷಿಯಾಯಿತು.

ಎಲ್ಲ ಗ್ರಹಗಳೂ ಇಷ್ಟು ಮಾತು ಕೇಳುವುದಿಲ್ಲ. ಕೊರೊ-2ಬಿ ಎಂಬ ಗ್ರಹದಲ್ಲಿ ಬಿಸಿಯ ಜಾಗ ಪಡುವಣಕ್ಕೆ 23 ಡಿಗ್ರಿ ಸರಿದಿದೆ ಎಂದು 2018ರಲ್ಲಿ ಅಳೆದರು. ಮೋಡಗಳೋ, ಕಾಂತಕ್ಷೇತ್ರವೋ, ಅಥವಾ ಗ್ರಹ ಇನ್ನೂ ಒಂದೇ ಮುಖಕ್ಕೆ ಕಟ್ಟುಬಿದ್ದಿಲ್ಲವೋ, ಮೂರಕ್ಕೂ ವಾದವಿದೆ. ಕೆಪ್ಲರ್-7ಬಿ ಕೂಡ ಪಡುವಣದಲ್ಲೇ ಹೊಳೆಯುತ್ತದೆ. ಆದರೆ ಅದು ಕಾಣುವ ಬೆಳಕಿನ ಮಾತು, ಅಲ್ಲಿ ಹೊಳೆಯುವುದು ಬಿಸಿಯಲ್ಲ, ನಕ್ಷತ್ರದ ಬೆಳಕನ್ನು ತಿರುಗಿ ಎಸೆಯುವ ಮೋಡ. ಇರುಳಿನ ತಂಪಿನಲ್ಲಿ ಹೆಪ್ಪುಗಟ್ಟಿದ ಮೋಡವನ್ನು ಗಾಳಿ ಮುಂಜಾವಿನ ಬದಿಗೆ ತಂದು ಬಿಡುತ್ತದೆ, ಬಿಸಿಲೇರಿದ ಹಾಗೆ ಅದು ಕರಗುತ್ತದೆ. ಮಡಿಕೇರಿಯ ಬೆಳಗಿನ ಮಂಜಿನ ಹಾಗೆಯೇ, ಮೋಡ ನೀರಿನದಲ್ಲ, ಖನಿಜದ್ದು ಎಂಬುದನ್ನು ಬಿಟ್ಟರೆ. ಎಚ್‌ಎಟಿ-ಪಿ-7ಬಿಯ ಉಬ್ಬು ಕಾಲದೊಂದಿಗೆ ಅತ್ತಿಂದಿತ್ತ ಸರಿಯುತ್ತದೆ, ಅದು ಅಲ್ಲಿನ ಹವಾಮಾನ ಎಂದು 2016ರಲ್ಲಿ ದೊಡ್ಡ ಸುದ್ದಿಯಾಯಿತು. ನಕ್ಷತ್ರದ ಮೈಮೇಲಿನ ಸಹಜ ಕುದಿತವೇ ಅಂಥ ಸರಿತವನ್ನು ಹುಟ್ಟಿಸಬಲ್ಲದು ಎಂದು ಆಮೇಲೆ ಬೇರೊಂದು ತಂಡ ತೋರಿಸಿತು. ನನಗೆ ಈ ಎರಡನೆಯ ಮಾತೇ ಹೆಚ್ಚು ನಂಬಬಹುದಾದದ್ದು.

ರೇಖೆಯಿಂದ ನಕ್ಷೆ ಬರೆಯುವವರು ಮರೆಯಬಾರದ ಮಿತಿಗಳಿವೆ. ಯಾವ ಕ್ಷಣದಲ್ಲೂ ನಮಗೆ ಬರುವುದು ಇಡೀ ಅರ್ಧಗೋಳದ ಒಟ್ಟು ಬೆಳಕು. ಹಾಗಾಗಿ ಸಣ್ಣ ವಿವರಗಳೆಲ್ಲ ಕಲಸಿಹೋಗುತ್ತವೆ. ನಕ್ಷೆಯನ್ನು ಅಲೆಗಳಾಗಿ ಬಿಡಿಸಿದರೆ ಸುತ್ತಿಗೆ ಮೂರು, ಐದು, ಏಳು ಏರಿಳಿತವಿರುವ ಅಲೆಗಳು ರೇಖೆಯಲ್ಲಿ ಒಂದಿಷ್ಟೂ ಗುರುತು ಬಿಡುವುದಿಲ್ಲ, ಎಷ್ಟೇ ನಿಖರವಾಗಿ ಅಳೆದರೂ. ಇನ್ನು ಬಡಗು, ತೆಂಕಿನ ವ್ಯತ್ಯಾಸ ಕಲಾರೇಖೆಗೆ ತಿಳಿಯುವುದೇ ಇಲ್ಲ. ಅದಕ್ಕೆ ಬೇರೆ ದಾರಿಯಿದೆ: ಗ್ರಹ ನಕ್ಷತ್ರದ ಹಿಂದೆ ಸರಿಯುವ ಆ ಕೆಲವು ನಿಮಿಷಗಳಲ್ಲಿ ನಕ್ಷತ್ರದ ಅಂಚು ಗ್ರಹವನ್ನು ಹೋಳು ಹೋಳಾಗಿ ಮುಚ್ಚುತ್ತದೆ. ಹೊರಬರುವಾಗ ಬೇರೊಂದು ಓರೆಯಲ್ಲಿ ತೆರೆಯುತ್ತದೆ. ಎಚ್‌ಡಿ 189733ಬಿಗೆ 2012ರಲ್ಲಿ ಇಂಥ ಗ್ರಹಣದ ನಕ್ಷೆ ತಯಾರಾಯಿತು. ಅಲ್ಲೂ ಬಿಸಿಯ ಜಾಗ ಮೂಡಣಕ್ಕೇ ಇತ್ತು.

ಕಲ್ಲಿನ ಗ್ರಹಗಳ ವಿಷಯಕ್ಕೆ ಬಂದರೆ ಪ್ರಶ್ನೆ ಇನ್ನೂ ಸರಳ. ಗಾಳಿ ಇದೆಯೇ, ಇಲ್ಲವೇ? ಎಲ್‌ಎಚ್‌ಎಸ್ 3844ಬಿ ಹನ್ನೊಂದು ಗಂಟೆಗೊಮ್ಮೆ ಸುತ್ತುತ್ತದೆ. 2019ರಲ್ಲಿ ಲಾರಾ ಕ್ರೈಡ್‌ಬರ್ಗ್ ತಂಡ ಸ್ಪಿಟ್ಜರ್‌ನ ನೂರು ಗಂಟೆಗಳ ನೋಟದಿಂದ ಅದರ ರೇಖೆ ತೆಗೆಯಿತು. ಹಗಲು 1040 ಕೆಲ್ವಿನ್, ಇರುಳಿನಿಂದ ಅಳೆಯಬಹುದಾದ ಬೆಳಕೇ ಇಲ್ಲ, ಉಬ್ಬು ಗ್ರಹಣದ ಸರಿಯಾದ ನಡುವಿಗೆ. ಅಲ್ಲಿ ದಪ್ಪ ವಾಯುಮಂಡಲವಿರಲು ಸಾಧ್ಯವಿಲ್ಲ. ಟ್ರಾಪಿಸ್ಟ್-1ಬಿಯ ಪ್ರಕರಣ ಇಷ್ಟು ಚೊಕ್ಕವಲ್ಲ. 2023ರಲ್ಲಿ ವೆಬ್ 15 ಮೈಕ್ರಾನಿನಲ್ಲಿ ಐದು ಗ್ರಹಣ ಅಳೆದು ಹಗಲಿನ ಉಷ್ಣತೆ ಸುಮಾರು 500 ಕೆಲ್ವಿನ್ ಎಂದಿತು. ಗಾಳಿ ಬಿಸಿಯನ್ನು ಸುತ್ತಲೂ ಹಂಚಿದ್ದರೆ ಸುಮಾರು 400 ಇರಬೇಕಿತ್ತು, ಆದ್ದರಿಂದ ಬರಿ ಬಂಡೆ ಎಂಬ ತೀರ್ಮಾನ. ಆಮೇಲೆ 12.8 ಮೈಕ್ರಾನಿನ ಅಳತೆಯೂ ಸೇರಿದಾಗ, ಹೊಗೆಮಂಜು ತುಂಬಿದ ಇಂಗಾಲದ ಡೈಆಕ್ಸೈಡ್ ವಾಯುಮಂಡಲವನ್ನೂ ಪೂರ್ತಿ ತಳ್ಳಿಹಾಕಲಾಗದು ಎಂದಾಯಿತು. ಎರಡು ಬಣ್ಣದ ಅಳತೆಯಿಂದ ಒಂದು ಲೋಕವನ್ನು ತೀರ್ಮಾನಿಸುವ ಕಷ್ಟ ಇದು.

ಮನೆಯ ಲ್ಯಾಪ್‌ಟಾಪಿನಲ್ಲಿ ಕಲಾರೇಖೆ ತೆಗೆಯಬೇಕೆನ್ನುವವರಿಗೆ ವಾಸ್ಪ್-18ಬಿ ತಕ್ಕ ಗ್ರಹ. ತೂಕ ಗುರುವಿನ ಹತ್ತರಷ್ಟು, ಸುತ್ತಿಗೆ 22.6 ಗಂಟೆ, ಟೆಸ್ ದೂರದರ್ಶಕದ ಪಟ್ಟಿಯಲ್ಲಿ ಇದರ ನಕ್ಷತ್ರದ ಸಂಖ್ಯೆ 100100827. 2018ರ ಸೆಕ್ಟರ್ 2 ಮತ್ತು 3ರ (ಸೆಕ್ಟರ್ ಎಂದರೆ ಟೆಸ್ ಆಕಾಶದ ಒಂದೇ ಭಾಗವನ್ನು ನೋಡುವ ಒಂದು ಸರದಿ) ಎರಡು ನಿಮಿಷಕ್ಕೊಂದರಂತೆ ಅಳೆದ ದತ್ತಾಂಶ ಉಚಿತವಾಗಿ ಸಿಗುತ್ತದೆ. ಪೈಥಾನ್‌ನ ಲೈಟ್‌ಕರ್ವ್ ಪ್ಯಾಕೇಜಿನಿಂದ ಇಳಿಸಿಕೊಂಡು, ಗುಣಮಟ್ಟದ ಎಚ್ಚರಿಕೆ ಗುರುತಿರುವ ಬಿಂದುಗಳನ್ನೂ, ಸೆಕ್ಟರ್‌ನ ನಡುವೆ ದತ್ತಾಂಶ ಭೂಮಿಗೆ ಕಳಿಸಿದ ಬಿಡುವಿನ ಎರಡೂ ಬದಿಯ ಕೆಲವು ಗಂಟೆಗಳನ್ನೂ ತೆಗೆದುಹಾಕಿ. ಹುಡುಕುತ್ತಿರುವ ಗ್ರಹಣದ ಆಳ ಸುಮಾರು 340 ಪಿಪಿಎಂ. ಕುಡಿಯುವ ನೀರಿನ ಟಿಡಿಎಸ್ ಮೀಟರ್ ತೋರಿಸುವ ಅದೇ ಪಿಪಿಎಂ, ಹತ್ತು ಲಕ್ಷದಲ್ಲಿ ಇಷ್ಟು ಭಾಗ. ಒಂದೊಂದು ಬಿಂದುವಿನ ಅಲುಗಾಟ 600 ಪಿಪಿಎಂ ಎಂದಿಟ್ಟುಕೊಂಡರೂ, ಐವತ್ತು ದಿನದ 36,000 ಬಿಂದುಗಳನ್ನು ಸುತ್ತಿನ ಅವಧಿಗೆ ಮಡಿಚಿ, ಅಂದರೆ ಎಲ್ಲ ಸುತ್ತುಗಳನ್ನೂ ಒಂದರ ಮೇಲೊಂದು ಇಟ್ಟು, ನೂರು ಪಾಲು ಮಾಡಿದರೆ ಒಂದೊಂದು ಪಾಲಿಗೆ 360 ಬಿಂದು, ಅಲುಗಾಟ 32 ಪಿಪಿಎಂಗೆ ಇಳಿಯುತ್ತದೆ. ಗ್ರಹಣ ಕಣ್ಣಿಗೆ ಕಾಣುತ್ತದೆ.

ಹೊಸಬರ ರೇಖೆ ಹಾಳಾಗುವುದು ಬಹುಮಟ್ಟಿಗೆ ಒಂದೇ ಕಡೆ. ಗೆರೆಯನ್ನು ನೇರ ಮಾಡಲು ಫ್ಲ್ಯಾಟನ್ ಎಂಬ ಆಜ್ಞೆಯನ್ನು ಹಾಗೇ ಬಳಸಿಬಿಡುತ್ತಾರೆ. ಅದು ತಾನಾಗಿ ಆರಿಸಿಕೊಳ್ಳುವ ಕಿಟಕಿ, ಅಂದರೆ ಒಮ್ಮೆಗೆ ನೋಡುವ ತುಂಡು, 101 ಬಿಂದು, ಎರಡು ನಿಮಿಷದ ಲೆಕ್ಕದಲ್ಲಿ 3 ಗಂಟೆ 22 ನಿಮಿಷ. ಅದಕ್ಕಿಂತ ನಿಧಾನದ ಏರಿಳಿತವನ್ನೆಲ್ಲ ಅದು ಯಂತ್ರದ ದೋಷವೆಂದು ಅಳಿಸುತ್ತದೆ, 22.6 ಗಂಟೆಯ ಕಲಾರೇಖೆಯನ್ನೂ ಸೇರಿಸಿ. ಸಂಕ್ರಮಣ ಉಳಿಯುತ್ತದೆ, ಗ್ರಹದ ಹಗಲು ಇರುಳು ಮಾಯ. ಕಿಟಕಿಯನ್ನು ಸುತ್ತಿನ ಅವಧಿಯ ಮೂರು ನಾಲ್ಕು ಪಟ್ಟು ಹಿಗ್ಗಿಸಿ, ಸಂಕ್ರಮಣ ಮತ್ತು ಗ್ರಹಣದ ಬಿಂದುಗಳನ್ನು ಆ ಲೆಕ್ಕದಿಂದ ಹೊರಗಿಡಬೇಕು.

ಇನ್ನು ಮಡಿಚಿದ ರೇಖೆಯಲ್ಲಿ ಒಂದರ ಬದಲು ಎರಡು ಉಬ್ಬು ಕಂಡರೆ ಗಾಬರಿ ಬೇಡ. ಹತ್ತು ಗುರುವಿನ ತೂಕದ ಗ್ರಹ ತನ್ನ ನಕ್ಷತ್ರವನ್ನೇ ಮೊಟ್ಟೆಯಾಕಾರಕ್ಕೆ ಎಳೆಯುತ್ತದೆ. ಸಂಕ್ರಮಣದಿಂದ ಎಣಿಸಿದರೆ ಕಾಲು ಸುತ್ತಿಗೂ ಮುಕ್ಕಾಲು ಸುತ್ತಿಗೂ ಆ ಮೊಟ್ಟೆ ಅಡ್ಡಲಾಗಿ ಕಂಡು ಹೆಚ್ಚು ಹೊಳೆಯುತ್ತದೆ. ಇದರ ಪ್ರಮಾಣ ಗ್ರಹದ ಹಗಲು ಇರುಳಿನ ಏರಿಳಿತದಷ್ಟೇ ದೊಡ್ಡದು. ಆದರೆ ಸುತ್ತಿಗೆ ಎರಡು ಬಾರಿ ಬರುವುದರಿಂದ ಬೇರ್ಪಡಿಸುವುದು ಕಷ್ಟವಲ್ಲ.

ಬೇರ್ಪಡದೇ ಕಾಡುವುದು ಮೂರನೆಯದು. ಗ್ರಹದ ಸೆಳೆತಕ್ಕೆ ನಕ್ಷತ್ರವೂ ಸೆಕೆಂಡಿಗೆ ಸುಮಾರು 1.8 ಕಿ.ಮೀ. ವೇಗದಲ್ಲಿ ಅತ್ತಿತ್ತ ಓಡಾಡುತ್ತದೆ, ನಮ್ಮತ್ತ ಬರುವಾಗ ತುಸು ಪ್ರಖರವಾಗಿ, ದೂರ ಹೋಗುವಾಗ ತುಸು ಮಂದವಾಗಿ ಕಾಣುತ್ತದೆ. ಆ ವೇಗದ ನಾಲ್ಕು ಪಟ್ಟನ್ನು ಬೆಳಕಿನ ವೇಗದಿಂದ ಭಾಗಿಸಿದರೆ 24 ಪಿಪಿಎಂ. ಇದರ ಉಬ್ಬು ಬೀಳುವುದು ಕಾಲು ಸುತ್ತಿಗೆ, ಅಂದರೆ ಗ್ರಹಣಕ್ಕಿಂತ ಮೊದಲು, ಸುತ್ತಿಗೆ ಒಂದೇ ಸಲ. ಮೂಡಣದ ಗಾಳಿ ಹುಟ್ಟಿಸುವ ಸರಿತದ ಆಕಾರಕ್ಕೂ ಇದಕ್ಕೂ ರೇಖೆಯಲ್ಲಿ ವ್ಯತ್ಯಾಸವೇ ಇಲ್ಲ. ಹಾಗಾಗಿ ರೇಖೆಯಿಂದ ಇದನ್ನು ಕಂಡುಹಿಡಿಯುವ ಆಸೆ ಬಿಟ್ಟು, ನಕ್ಷತ್ರದ ವೇಗದ ಬೇರೆ ಅಳತೆಯಿಂದ ಲೆಕ್ಕ ಹಾಕಿ ಮೊದಲೇ ಕಳೆದುಬಿಡಬೇಕು. ಕಳೆಯದಿದ್ದರೆ ಏನಾಗುತ್ತದೆಂದರೆ, ಗ್ರಹದ ಏರಿಳಿತದ ಅರ್ಧ ಎತ್ತರ ಸುಮಾರು 170 ಪಿಪಿಎಂ, ಅದಕ್ಕೆ ಈ 24 ಬೆರೆತರೆ ಉಬ್ಬು ಮೂಡಣಕ್ಕೆ 8 ಡಿಗ್ರಿ ಸರಿದಂತೆ ಕಾಣುತ್ತದೆ. ವಾಸ್ಪ್-43ಬಿಯಲ್ಲಿ ವೆಬ್ ಅಳೆದ ನಿಜವಾದ ಗಾಳಿಯ ಸರಿತಕ್ಕಿಂತಲೂ ಇದು ತುಸು ಹೆಚ್ಚೇ.